ಚೌಡಿಯ ದೀಪ ನಾನೇ ಹಚ್ಚಿದೆ

ಕಾಡು ಸೇರಿದ ಮೇಲೆ ಇವಳಿಗೆ ದೇವರು ಕಂಡ ಎಂದು ದಾವಣಗೆರೆಯ ನೆಂಟರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಸಂಕಟ ಬಂದಾಗ ವೆಂಕಟರಮಣ ಅಂತ ನಗುತ್ತಾರೆ. ನಗಲಿ. ಸಂಕಟ ಬಂದಾಗ ನಾನು ಯಾವ ದೇವರನ್ನೂ ಕರೆದವಳಲ್ಲ. ನನಗೆ ಭಕ್ತಿ ಬಂದದ್ದು ಸಿಟ್ಟಿನಿಂದ. ಅದನ್ನು ನಾನೇ ಬರೆದಿಡುವುದು ಒಳ್ಳೆಯದು, ಇಲ್ಲದಿದ್ದರೆ ಅವರು ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ.

ಇಪ್ಪತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ಗಾಜಿಗೆ ಮೂರು ಮೂರು ದೇವರ ಪಟ ಅಂಟಿಸಿಕೊಂಡ ಗಾಡಿಯೂ ಬ್ರೇಕ್ ಹೋಗಿ ಹೊಲಕ್ಕೆ ನುಗ್ಗಿದ್ದನ್ನು ಒಳಗೆ ಕೂತೇ ನೋಡಿದ್ದೇನೆ. ನನ್ನ ಗಂಡ ಅದೇ ಡಿಪೋದಲ್ಲಿ ಮೆಕ್ಯಾನಿಕ್. ನಟ್ಟು ಬೋಲ್ಟು ಬಿಟ್ಟರೆ ಇನ್ನೇನನ್ನೂ ನಂಬದ ಆಸಾಮಿ. ಇಬ್ಬರೂ ಕೆಲಸ ಬಿಟ್ಟು, ಜಾವಳಿಯಿಂದ ಮುಂದೆ ಜೀಪು ಮಾತ್ರ ಹತ್ತುವ ಗುಡ್ಡದಲ್ಲಿ ನಾಲ್ಕು ಎಕರೆ ಕಾಫಿ ತೋಟ ತೆಗೆದುಕೊಂಡು ಬಂದೆವು. ಫೋನಿಗೆ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕು. ಮಕ್ಕಳಿಲ್ಲದ ನಮಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ತೋಟದ ಮೇಲ್ತುದಿಯಲ್ಲಿ ಒಂದು ಬಸರಿ ಮರ, ಅದರ ಬುಡದಲ್ಲಿ ಒಂದು ಕಲ್ಲು. ಬಂದ ಮೊದಲ ವಾರ ಏದುಸಿರು ಬಿಡುತ್ತಾ ಗುಡ್ಡ ಹತ್ತಿದವಳು ಆ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದೆ. ಕಳೆ ಸವರುತ್ತಿದ್ದ ಹೆಂಗಸರು ಕತ್ತಿ ಕೆಳಗಿಟ್ಟು ಹಾಗೇ ನಿಂತುಬಿಟ್ಟರು. ಅವರನ್ನೆಲ್ಲ ಕೆಲಸಕ್ಕೆ ಕರೆತರುವ ವಯಸ್ಸಾದ ಮೇಸ್ತ್ರಿಯಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಮ್ಮಾ, ಅದು ಚೌಡಿ, ಈ ಗುಡ್ಡದ ದೇವಿ. ಹೊಸಬ್ರು ನೀವು, ಗೊತ್ತಿಲ್ದೆ ಕೂತ್ರಿ, ಅವ್ಳು ಏನೂ ಮಾಡಲ್ಲ. ಎದ್ದು ಒಂಚೂರು ಈ ಕಡೆ ಕೂತ್ಕಳಿ." ಎದ್ದೆ. ಆದರೆ ಒಂದು ಕಲ್ಲಿಗೆ ಸೀಟು ಬಿಟ್ಟುಕೊಟ್ಟೆನಲ್ಲ ಎಂದು ಆ ದಿನವೆಲ್ಲ ಉರಿಯುತ್ತಿತ್ತು.

ನಮ್ಮ ತೋಟಕ್ಕೆ ಮೊದಲಿಂದ ಬಂದ ಒಂದು ಪದ್ಧತಿಯಿದೆ. ಹಣ್ಣು ಕುಯ್ಲು ಶುರುವಾಗುವ ದಿನ ತೋಟದವರು ಚೌಡಿಯ ಮುಂದೆ ದೀಪ ಹಚ್ಚಿ, ಕಾಯಿ ಒಡೆದು, ಮೊದಲ ಹಿಡಿ ಹಣ್ಣನ್ನು ಕಲ್ಲಿನ ಬುಡದಲ್ಲಿ ಇಡಬೇಕು. ಅಲ್ಲಿಯವರೆಗೆ ಯಾರೂ ಗಿಡ ಮುಟ್ಟುವುದಿಲ್ಲ. ದೀಪ ಹಚ್ಚಿದವರ ಮಾತನ್ನೇ ಆ ವರ್ಷವಿಡೀ ಆಳುಗಳು ಕೇಳುವುದು. ನನ್ನ ಗಂಡ ಎರಡು ವರ್ಷ ನಗುನಗುತ್ತಲೇ ಹಚ್ಚಿದ. ನಾನು ದೂರ ನಿಂತು "ಬೇಗ ಮುಗಿಸು ಮಾರಾಯ, ಬಿಸಿಲೇರ್ತಿದೆ" ಎನ್ನುತ್ತಿದ್ದೆ.

ಮೂರನೆಯ ವರ್ಷ ಆಷಾಢದಲ್ಲಿ ಅವನಿಗೆ ಎದೆನೋವು ಬಂತು. ಜೀಪು ಮೂಡಿಗೆರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ತಿಥಿ ಉಂಡು ನೆಂಟರು ಹೊರಟ ಮೇಲೆ ನಾನೊಬ್ಬಳೇ. ಯಾರೂ ಕರೆಯದೆ ಮೇಸ್ತ್ರಿಯಮ್ಮ ದಿನಾ ಬೆಳಿಗ್ಗೆ ಬರತೊಡಗಿದರು. ಒಲೆ ಹಚ್ಚಿ, ಗಂಜಿ ಕಾಯಿಸಿ, ನಾನು ಉಣ್ಣುವವರೆಗೆ ಎದುರಿಗೇ ಕೂರುತ್ತಿದ್ದರು. ಹಣೆಬರಹ, ದೇವರ ಇಚ್ಛೆ ಎಂಬ ಒಂದು ಮಾತೂ ಅವರ ಬಾಯಲ್ಲಿ ಬರಲಿಲ್ಲ. ಒಂದು ದಿನ ಬರುವಾಗ ಇಂಬಳ ಕಚ್ಚಿ ಕಾಲೆಲ್ಲ ರಕ್ತ. ಈ ಮಳೆಯಲ್ಲಿ ಗುಡ್ಡದ ಮೇಲೆ ಯಾಕೆ ಹೋಗಿದ್ದಿರಿ ಎಂದು ಗದರಿದೆ.

"ಚೌಡಿಗೆ ಹೂ ಇಟ್ಟು ಬಂದೆ. ಅಮ್ಮ ಇಲ್ಲೇ ಇರ್ಲಿ, ಬಿಟ್ಟು ಹೋಗ್ದಂಗೆ ಮಾಡು ಅಂತ ದಿನಾ ಕೇಳ್ಕತಿದೀನಿ," ಎಂದರು.

ನನಗೋಸ್ಕರ ಒಬ್ಬರು ಹೋಗಿ ಇನ್ನೊಬ್ಬರನ್ನು ಬೇಡಿಕೊಂಡದ್ದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಅವತ್ತು ಉಪ್ಪು ತಂದು ಅವರ ಕಾಲಿಗೆ ಇನ್ನೂ ಅಂಟಿದ್ದ ಇಂಬಳಗಳನ್ನು ನಾನೇ ಬಿಡಿಸಿದೆ. ಆದರೂ ಕಲ್ಲಿನ ಕಡೆ ತಲೆ ಹಾಕಲಿಲ್ಲ. ಹಟ ಅಂದರೆ ಹಟ.

ಹಣ್ಣು ಕೆಂಪಾಗುವ ಹೊತ್ತಿಗೆ ಮೈದುನ ಬಂದ. ತೋಟ ಮಾರುವುದು, ನನ್ನನ್ನು ಕರೆದೊಯ್ದು ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಇಡುವುದು ಎಂದು ಅವನೇ ತೀರ್ಮಾನಿಸಿದ್ದ. ಈ ಸಲದ ಕುಯ್ಲು ಮುಗಿಸಿ ಮಾರಿದರೆ ಒಳ್ಳೆಯದೆಂದು ಪಕ್ಕದ ಎಸ್ಟೇಟಿನ ಧಣಿಗಳು ಬುದ್ಧಿ ಹೇಳಿದ್ದರಂತೆ. ಪೂಜೆಯ ದಿನ ಅವರನ್ನೂ ಕರೆದುಕೊಂಡು, ಹೊಸ ಪಂಚೆ ಉಟ್ಟು, ನನ್ನನ್ನು ಒಂದು ಮಾತೂ ಕೇಳದೆ ಗುಡ್ಡ ಹತ್ತಿದ. ನಾನೂ ಹಿಂದೆಯೇ ಹತ್ತಿದೆ.

"ಅತ್ತಿಗೆ, ನೀವು ಸ್ವಲ್ಪ ದೂರ ನಿಂತ್ಕಳ್ರಿ," ಎಂದ. "ಗಂಡ ಇಲ್ದೋರು ದೀಪದ ಹತ್ರ ಬರಬಾರ್ದು."

"ಹೌದಲ್ಲ, ಪದ್ಧತಿ ಅಂತ ಒಂದಿರ್ತದೆ," ಎಂದು ಧಣಿಗಳು ದನಿಗೂಡಿಸಿದರು.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ನಂಬುವುದಿಲ್ಲ ಎಂದು ದೂರ ನಿಲ್ಲುವುದು ನನ್ನ ಇಷ್ಟ. ದೂರ ನಿಲ್ಲು ಎನ್ನಲು ಇವನ್ಯಾರು? ಇವಳನ್ನು ಇಲ್ಲೇ ಉಳಿಸು ಎಂದು ಒಬ್ಬರು ಇಂಬಳ ಕಚ್ಚಿಸಿಕೊಂಡು ಬೇಡಿದ್ದು ಇದೇ ಕಲ್ಲಿನ ಮುಂದೆ. ದೀಪ ಇವನು ಹಚ್ಚಿದರೆ ತೋಟ ಇವನದು, ಹಿಂದಿನ ಕೋಣೆ ನನ್ನದು. ಅವನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡೆ.

"ಅಪಶಕುನ ಅತ್ತಿಗೆ! ಆಳುಗಳು ಒಂದು ಹಣ್ಣು ಮುಟ್ಟಲ್ಲ, ನೋಡ್ತಿರ್ರಿ," ಎಂದು ಅವನು ಹೆಂಗಸರ ಕಡೆ ತಿರುಗಿದ.

ಮೇಸ್ತ್ರಿಯಮ್ಮ ಎಲೆಯಡಿಕೆ ಉಗಿದು ಬಂದು ಮುಂದೆ ನಿಂತರು. "ಅಲ್ಲ ಮಾರಾಯ್ರೆ, ಚೌಡಿಗೆ ಗಂಡ ಎಲ್ಲಿದಾನೆ? ಒಬ್ಳೇ ಕೂತು ಈ ಗುಡ್ಡ ಪೂರಾ ಕಾಯ್ತಿಲ್ವಾ? ನನ್ನ ಗಂಡ ಹೋಗಿ ಇಪ್ಪತ್ತು ವರ್ಷ ಆತು. ನಾನಿಟ್ಟ ಹೂ ಅವ್ಳು ಒಂದ್ ದಿನಾನೂ ಬಿಸಾಕಿಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಧಣಿಗಳಿಗೆ ಆಗ ತಮ್ಮ ತೋಟದಲ್ಲಿ ಏನೋ ಕೆಲಸ ನೆನಪಾಯಿತು.

ಎರಡು ಕಡ್ಡಿ ಮುರಿದವು. ಮೂರನೆಯದು ಹತ್ತಿತು. ಕಾಯಿ ಒಡೆದೆ, ಹಿಡಿ ಹಣ್ಣು ಇಟ್ಟೆ. ಬೇಡುವುದಕ್ಕೆ ನನಗೆ ಏನೂ ತೋಚಲಿಲ್ಲ. "ಉಳಿಸ್ಕೊಂಡಿದ್ದಕ್ಕೆ ಉಪಕಾರ ಆಯ್ತು ತಾಯಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಜೀವಮಾನದಲ್ಲಿ ಮೊದಲ ಸಲ ಮನಸ್ಸಿಟ್ಟು ಕೈ ಮುಗಿದೆ. ದೇವರಿದ್ದಾನೆಯೇ ಎಂದು ಈಗಲೂ ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಚೌಡಿ ಇದ್ದಾಳೆ. ಅದರಲ್ಲಿ ನನಗೆ ಅನುಮಾನವಿಲ್ಲ, ನೆಂಟರಿಗಿದ್ದರೆ ಅವರೇ ಇಟ್ಟುಕೊಳ್ಳಲಿ.

ಹೆಂಗಸರು ಸೊಂಟಕ್ಕೆ ಚೀಲ ಬಿಗಿದುಕೊಂಡರು. ಮೈದುನ ಕೆಳಗಿನ ಸಾಲಿನ ಕಡೆ ಕೈ ತೋರಿಸಿ ಏನೋ ಹೇಳಹೊರಟ. ಮೇಸ್ತ್ರಿಯಮ್ಮ ಅತ್ತ ತಿರುಗಲೂ ಇಲ್ಲ. ನನ್ನ ಮುಖವನ್ನೇ ನೋಡಿ ಕೇಳಿದರು:

"ಎಲ್ಲಿಂದ ಶುರು ಮಾಡೋದು, ಅಮ್ಮಾ?"