ಗಲ್ಲಾದ ಹಿಂದಿನ ಹಲಗೆ

ಮೂವತ್ತೆಂಟು ಸಾವಿರ ರೂಪಾಯಿ. ಕೇಳಿದ್ದು ಅರವತ್ತು. ಸೂರತ್‌ನಲ್ಲಿ ಇಷ್ಟು ವರ್ಷ ಹೋಟೆಲು ನಡೆಸಿದವನಿಗೆ ಅಷ್ಟಾದರೂ ಚೌಕಾಸಿ ಬಾರದಿದ್ದರೆ ಹೇಗೆ? ಆದರೆ ಆ ಹಣಕ್ಕೆ ನಾನು ತಂದದ್ದು ಫ್ರಿಜ್ಜಲ್ಲ, ಗ್ರೈಂಡರಲ್ಲ. ಗೋಡೆಗೆ ಹೊಡೆಯುವ ಮೂರು ಹಲಗೆ. ಕಾರಣ, ನನ್ನ ಹೆಂಡತಿ ವಸಂತಿಯ ಕಿವಿ.

ಮೊದಲೇ ಹೇಳಿಬಿಡುತ್ತೇನೆ: ದೆವ್ವ, ಶಕುನ, ಮಾಟ ಇವನ್ನೆಲ್ಲ ನಂಬಿದವನಲ್ಲ ನಾನು. ಯಾರಾದರೂ ಅಂಥ ಕತೆ ತೆಗೆದರೆ "ಅದಕ್ಕೆ ಬಿಲ್ಲು ಎಷ್ಟಾಯ್ತು?" ಎಂದು ಕೇಳಿ ನಗುತ್ತಿದ್ದೆ. ಇವತ್ತೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ನಮ್ಮ ಗಲ್ಲಾ ಇರುವುದು ಅಡುಗೆಮನೆಯ ಗೋಡೆಗೆ ತಾಗಿ. ಆಚೆ ಬದಿಯಲ್ಲಿ ಗ್ರೈಂಡರು, ಹೊಗೆ ಎಳೆಯುವ ಫ್ಯಾನು, ಪಾತ್ರೆಗಳ ಗದ್ದಲ. ಆ ಗೋಡೆಗೆ ಬೆನ್ನು ಕೊಟ್ಟು ವಸಂತಿ ಅರ್ಧ ಆಯುಷ್ಯ ಕೂತಳು. ಕಿವಿಯ ಡಾಕ್ಟರು ಚಿತ್ರ ಬರೆದು ತೋರಿಸಿದರು: ಒಳಗೆ ಬಸವನಹುಳದ ಚಿಪ್ಪಿನಂಥ ಸುರುಳಿ, ಗಂಟೆ, ಮಕ್ಕಳ ದನಿಯಂಥ ಸಣ್ಣ ಸ್ವರಕ್ಕೆ ಅದರ ಬಾಯಿಯ ಬಳಿ ಜಾಗ, ದಪ್ಪ ಸ್ವರಕ್ಕೆ ಒಳತುದಿಯಲ್ಲಿ. ಇವಳಿಗೆ ಬಾಯಿಯ ಬಳಿಯದು ಸವೆದುಹೋಗಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಕಿವಿಗೆ ಯಂತ್ರ ಹಾಕಿಕೊಳ್ಳಲು ಇವಳು ಒಪ್ಪಲಿಲ್ಲ, ಗಲ್ಲಾ ಬಿಡಲೂ ಒಪ್ಪಲಿಲ್ಲ. ಗಿರಾಕಿಗಳ ಮಾತು ಹೇಗೋ ತಿಳಿಯುತ್ತಿತ್ತು. ತಿಳಿಯದೇ ಹೋದದ್ದು ಮೊಮ್ಮಗಳು ದಿಯಾಳ ದನಿ. ಮಗಳ ಸಂಸಾರ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ. ಫೋನಿನಲ್ಲಿ ಆ ಮಗು ಏನು ಹೇಳಿದರೂ ಇವಳು "ಹೌದಾ ಪುಟ್ಟಾ" ಎಂದು ಸುಮ್ಮನೆ ನಗುವಳು.

ವಡೋದರಾದಲ್ಲಿ ಹೇತಲ್ ಎಂಬ ಇಂಜಿನಿಯರ್ ಹುಡುಗಿ ಸದ್ದು ನುಂಗುವ ಹಲಗೆ ಮಾಡುತ್ತಾಳೆಂದು ಗಿರಾಕಿಯೊಬ್ಬರಿಂದ ಗೊತ್ತಾಯಿತು. ಹೋಗಿ ನೋಡಿದೆ. ಹಲಗೆಯ ತುಂಬ ಒಂದಕ್ಕಿಂತ ಒಂದು ಉದ್ದದ ಕೊಳವೆಗಳು, ಸುರುಳಿ ಸುತ್ತಿದ ಹಾಗೆ. "ಕಿವಿಯ ಒಳಗಿನದ್ದನ್ನೇ ನೋಡಿ ಮಾಡಿದ್ದು ಕಾಕಾ. ಒಂದೊಂದು ಕೊಳವೆ ಒಂದೊಂದು ಸ್ವರವನ್ನು ಹಿಡಿದು ಅಲ್ಲೇ ಮುಗಿಸುತ್ತದೆ" ಎಂದಳು. ಮೂಲೆಯಲ್ಲಿ ಪ್ರಯೋಗಕ್ಕೆಂದು ಮಾಡಿದ ಮೂರು ಹಲಗೆ ಒರಗಿದ್ದವು. ಸೆಕೆಂಡ್ಸ್ ಮಾಲು ಕಂಡರೆ ಸೂರತ್‌ನವನ ಕೈ ಸುಮ್ಮನಿರುತ್ತದೆಯೇ? "ಅವುಗಳ ಅಳತೆ ಪಕ್ಕಾ ಇಲ್ಲ" ಎಂದರೂ ಅವನ್ನೇ ಹಿಡಿದು ಬೆಲೆ ಇಳಿಸಿದೆ. ಅಡುಗೆಮನೆಯೊಳಗೆ ಹಾಕಿ ಎಂದಿದ್ದಳು. ಇಷ್ಟು ದುಡ್ಡಿನ ಮಾಲಿಗೆ ಒಗ್ಗರಣೆಯ ಜಿಡ್ಡು ಹಿಡಿಸಲು ಮನಸ್ಸಾಗದೆ, ಗಲ್ಲಾದ ಹಿಂದೆ ದೇವರ ಪಟದ ಸುತ್ತ ಹೊಡೆಸಿದೆ.

ಗದ್ದಲ ಇಳಿಯಿತು, ಸುಳ್ಳು ಹೇಳಬಾರದು. ವಿಚಿತ್ರ ನಡೆದದ್ದು ಮರುವಾರದ ಒಂದು ಸಂಜೆ. ದೀಪ ಹಚ್ಚಿ ಗಂಟೆ ಆಡಿಸಿದೆ. ಸದ್ದೇ ಇಲ್ಲ. ಗಂಟೆಯ ನಾಲಗೆ ಕಳಚಿತೇ ಎಂದು ನೋಡಿದೆ, ಇತ್ತು. ಮತ್ತೆ ಆಡಿಸಿದೆ. ಕೈಗೆ ಅದುರುವುದು ಗೊತ್ತಾಗುತ್ತಿತ್ತು, ಕಿವಿಗೆ ಏನೂ ಇಲ್ಲ. ಇನ್ನೂ ಜೋರಾಗಿ ಆಡಿಸಿದೆ.

"ಎಂತ ಮಾರಾಯ್ರೆ, ಕಿವಿಯ ಹತ್ರ ಹೀಗೆ ಬಾರಿಸುವುದಾ? ಇಡೀ ಸೂರತ್‌ಗೆ ಮಂಗಳಾರತಿ ಮಾಡ್ತೀರಾ?" ಎಂದಳು ನನಗೆ ಬೆನ್ನು ಹಾಕಿ ಚಿಲ್ಲರೆ ಜೋಡಿಸುತ್ತಿದ್ದ ವಸಂತಿ.

ಆ ಗಂಟೆ ಅವಳಿಗೆ ಕೇಳಿಸದೆ ವರ್ಷಗಳಾಗಿದ್ದವು.

"ನಿಂಗೆ ಕೇಳ್ತದಾ?"

"ಕೇಳದೆ ಎಂತ? ಒಳಗೆ ಸಾಸಿವೆ ಸಿಡಿಯುವುದೂ ಕೇಳ್ತಾ ಉಂಟು. ಅಡುಗೆ ಭಟ್ರಿಗೆ ಹೇಳಿ, ಕರಟಿ ಹೋಗ್ತದೆ."

ನನಗೆ ಸಾಸಿವೆಯೂ ಕೇಳಲಿಲ್ಲ. ಅವಳ ಮಾತು, ಫ್ಯಾನು, ರಸ್ತೆಯ ಆಟೋ ಎಲ್ಲ ಕೇಳುತ್ತಿತ್ತು. ಸಣ್ಣ ಸ್ವರಗಳನ್ನು ಮಾತ್ರ ಯಾರೋ ಆರಿಸಿ ತೆಗೆದ ಹಾಗಿತ್ತು. ಅಷ್ಟರಲ್ಲಿ ಫೋನ್ ಬಂತು. ದಿಯಾ. ನಾನೇ ಎತ್ತಿದೆ. ಒಂದಕ್ಷರವೂ ತಿಳಿಯಲಿಲ್ಲ. ವಸಂತಿಗೆ ಕೊಟ್ಟೆ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಆಮೇಲೆ ಮುಖವೆಲ್ಲ ನಗುವಾಗಿ, "ಹಲ್ಲು ಬಿತ್ತಂತೆ! 'ಅಜ್ಜೀ, ಮಾರೋ ದಾಂತ್ ಪಡೀ ಗಯೋ' ಅಂತಾಳೆ. ಕನ್ನಡದಲ್ಲಿ ಹೇಳೇ ಪೋಕ್ರಿ" ಎಂದಳು. ಇಬ್ಬರ ಮಾತು ಮುಗಿಯಲೇ ಇಲ್ಲ. ಗಿರಾಕಿಗಳು ಬಿಲ್ಲು ಹಿಡಿದು ಸಾಲಾಗಿ ನಿಂತರು. ನಾನು ಅವಳನ್ನು ಏಳಿಸದೆ ನಿಂತೇ ದುಡ್ಡು ತೆಗೆದುಕೊಂಡೆ.

ಬೆಳಿಗ್ಗೆ ಗಂಟೆ ನನಗೆ ಕೇಳಿಸಿತು. ಅವಳಿಗೆ ಇಲ್ಲ.

ಮಗಳನ್ನು ವಿಚಾರಿಸಿದೆ, ಹಲ್ಲು ಬಿದ್ದದ್ದು ನಿಜ. ಇಬ್ಬರ ಕಿವಿಯನ್ನೂ ಪರೀಕ್ಷೆ ಮಾಡಿಸಿದೆ. ಅವಳದು ಮೊದಲಿದ್ದಷ್ಟೇ, ನನ್ನದರಲ್ಲಿ ಊನವಿಲ್ಲ. ಹೇತಲ್ ಬಂದು ಹಲಗೆಗಳನ್ನು ತಟ್ಟಿ ನೋಡಿ, "ಒಬ್ಬರದು ತೆಗೆದು ಇನ್ನೊಬ್ಬರಿಗೆ ಕೊಡಲು ಇದೇನು ಬ್ಯಾಂಕಾ ಕಾಕಾ?" ಎಂದು ನಕ್ಕಳು. ನನ್ನದು ಹೋದರೆ ಹೋಗಲಿ ಎಂದು ಆಮೇಲೂ ಎಷ್ಟೋ ಸಂಜೆ ಅದೇ ಜಾಗದಲ್ಲಿ ನಿಂತು ಗಂಟೆ ಆಡಿಸಿದ್ದೇನೆ. ಮತ್ತೆ ಹಾಗೆ ಆಗಲಿಲ್ಲ. ಏನಾಗಿರಬಹುದು ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

ಒಂದಂತೂ ಆಯಿತು. ಆ ಸಂಜೆಯಾದ ಮರುವಾರ ವಸಂತಿ ತಾನಾಗಿಯೇ, "ಆ ಕಿವಿಯ ಯಂತ್ರ ತೆಗೆಸಿಕೊಡಿ" ಎಂದಳು. "ಅವಳ ದನಿ ಹೀಗುಂಟು ಅಂತ ಗೊತ್ತೇ ಇರಲಿಲ್ಲ." ಯಂತ್ರದಲ್ಲಿ ಮಗುವಿನ ಅರ್ಧ ಮಾತು ತಿಳಿಯುತ್ತದೆ. ಉಳಿದರ್ಧ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಾಳೆ.

ನಿಮಗೆ ನಾನು ಹೇಳುವುದಿಷ್ಟು. ಸದ್ದಿನ ನಡುವೆ ದುಡಿಯುವವರು ಮನೆಯಲ್ಲಿದ್ದರೆ ಈಗಲೇ ಕಿವಿ ತೋರಿಸಿ. ಹಲಗೆಗೆ ಚೌಕಾಸಿ ಮಾಡಿ, ಡಾಕ್ಟರ ಹತ್ತಿರ ಬೇಡ. ಯಂತ್ರ ಬೇಕೆಂದರೆ ತಡಮಾಡಬೇಡಿ. ಮತ್ತೆ, ಮಕ್ಕಳು ಮಾತಾಡಲು ಬಂದಾಗ "ಅಜ್ಜಿಗೆ ಕೇಳುವುದಿಲ್ಲ, ನನಗೆ ಹೇಳು" ಎಂದು ನಡುವೆ ನುಗ್ಗಬೇಡಿ. ಅವರು ಅವಳಿಗೇ ಹೇಳಲಿ.