ಎರಡು ಎಂಜಿನ್ನಿನ ಪಂಚಮಿ

ಮನುಷ್ಯಕುಲದ ಸಮಸ್ತ ಪ್ರಗತಿಗೂ ಮೂಲ, ಇದ್ದದ್ದು ಸಾಲದು ಎಂಬ ಪವಿತ್ರ ಅತೃಪ್ತಿ. ಈ ಮಹಾವಾಕ್ಯ ನನಗೆ ಹೊಳೆದದ್ದು ಯಾವ ಗ್ರಂಥ ಓದಿಯೂ ಅಲ್ಲ. ಮೊನ್ನೆ ಸತ್ತ ಇಲಿಯ ವಾಸನೆ ಹಿಡಿದು ಅಟ್ಟ ಹತ್ತಿದಾಗ. ಇಲಿ ಸಿಗಲಿಲ್ಲ. ಒಂದು ಹಗ್ಗ ಸಿಕ್ಕಿತು. ಎತ್ತು ಕಟ್ಟುವಂಥ ದಪ್ಪನೆಯ ಹಗ್ಗ, ಪೆಟ್ರೋಲು ಗ್ರೀಸು ಕುಡಿದು ಕಪ್ಪಗಾಗಿತ್ತು. ಮೂಸಿ ನೋಡಿದೆ. ಪಕ್ಕದ ಮನೆಯ ಕಾಕಾ ಎದುರಿಗೇ ಬಂದು ನಿಂತಂತಾಯಿತು...

ಕಾಕಾ ನನ್ನ ರಕ್ತಸಂಬಂಧಿಯಲ್ಲ. ಶಹಾಪುರದ ನಮ್ಮ ಓಣಿಯಲ್ಲಿ, ಗೋಡೆ ಕೂಡಿದ ಮನೆಯ ಹಿರಿಯರು ಕಾಕಾ, ಅವರ ಹೆಂಡತಿ ಚಿಗವ್ವ. ಇದಕ್ಕೆ ಯಾರ ಒಪ್ಪಿಗೆಯನ್ನೂ ಕೇಳುವ ರೂಢಿಯಿಲ್ಲ. ಅವರು ಹುಟ್ಟಿದ್ದು ಸಗರದ ಒಕ್ಕಲು ಮನೆಯಲ್ಲಿ, ದುಡಿದದ್ದು ಭೀಮರಾಯನಗುಡಿ ಕ್ಯಾಂಪಿನಲ್ಲಿ, ಕಾಲುವೆ ಗೇಟುಗಳ ಫಿಟರ್ ಆಗಿ. ನಿವೃತ್ತರಾದ ಮೇಲೆ ಅವರ ಜೊತೆಯವರು ತೀರ್ಥಯಾತ್ರೆಗೆ ಹೋದರು. ಇವರು ಮನೆ ಪಕ್ಕದ ತಗಡಿನ ಶೆಡ್ಡಿಗೆ ಹೋದರು. ಎರಡು ಹಳೆಯ ಕಾರು ತರಿಸಿದರು. ಎರಡರ ಹಿಂಭಾಗವನ್ನೂ ಕೊಯ್ದು ಬಿಸಾಡಿ, ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಸೆದರು. ಹೀಗೆ ಹಿಂದೊಂದು ಮುಂದೊಂದು ಎಂಜಿನ್ನೂ, ಎರಡೂ ಕಡೆ ಮುಖವೂ ಇರುವ ವಾಹನವೊಂದು ನಮ್ಮ ಓಣಿಯಲ್ಲಿ ಅವತರಿಸಿತು. ಯಾವ ಕಡೆ ನಿಂತು ಬೊಗಳಬೇಕೆಂದು ತಿಳಿಯದೆ ನಾಯಿಗಳು ಸುಮ್ಮನಾದವು.

ನಾನು ಒಮ್ಮೆ ಕೇಳಿದೆ: "ಒಂದು ಎಂಜಿನ್ ಸಾಲಂಗಿಲ್ಲೇನ್ರಿ ಕಾಕಾ?"

"ಮಾಸ್ತರ ಆಗಿ ಎಂಥಾ ಮಾತಾಡ್ತಿ. ಒಂಟೆತ್ತಿಲೆ ಯಾರರ ಬಂಡಿ ಹೂಡ್ತಾರೇನು?"

"ಟಾಂಗಾಕ್ಕ ಒಂದೇ ಕುದರಿ ಇರ್ತಿತ್ತಲ್ರಿ."

"ಅದಕ್ಕ ನೋಡು, ಟಾಂಗಾ ಮುಳುಗಿ ಹೋತು."



ಇಷ್ಟರಲ್ಲೇ ನಿಂತಿದ್ದರೆ ಅದು ಒಬ್ಬ ನಿವೃತ್ತನ ಹವ್ಯಾಸವಾಗಿ ಮುಗಿಯುತ್ತಿತ್ತು. ಆದರೆ ಕಾಕಾ ಒಂದು ಮಾತು ಕೊಟ್ಟುಬಿಟ್ಟಿದ್ದರು. ಚಿಗವ್ವನ ತವರು ಸುರಪುರ. ಪ್ರತಿ ನಾಗರಪಂಚಮಿಗೆ ಆಕೆಯ ತಮ್ಮ ಬಂದು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಎಂಜಿನ್ನುಗಳು ಮನೆಗೆ ಬಂದ ಉತ್ಸಾಹದಲ್ಲಿ ಕಾಕಾ ಅವನಿಗೆ, "ಇನ್ನ ಮ್ಯಾಲ ನೀ ಕರಿಯಾಕ ಬರಬ್ಯಾಡ. ನಮ್ಮ ಗಾಡಿಯಾಗ ನಾನೇ ತಂದು ಬಿಡ್ತೀನಿ" ಎಂದರು. ಆ ವರ್ಷ ಗಾಡಿ ಏಳಲಿಲ್ಲ. ಆ ತಮ್ಮ, ಭಾವನ ಮಾತಿಗೆ ಬೆಲೆ ಕೊಟ್ಟು ಬರಲಿಲ್ಲ. ಕರೆಯಲು ಯಾರೂ ಬಾರದೆ ತವರಿಗೆ ಹೋಗುವುದು ಹೇಗೆಂದು ಚಿಗವ್ವ ಹೋಗಲಿಲ್ಲ. ಎಳ್ಳುಂಡಿ ಕಟ್ಟಿ ಡಬ್ಬಿಯಲ್ಲಿ ತುಂಬಿಟ್ಟು ಮನೆಯಲ್ಲೇ ಕೂತಳು. ಅವಳ ಮುಪ್ಪಾದ ತಾಯಿ ಹಬ್ಬದ ದಿನ ಹೊತ್ತು ಮುಳುಗುವತನಕ ಹೊಸ್ತಿಲಲ್ಲಿ ಕೂತಿದ್ದಳೆಂದು ಆಮೇಲೆ ಸುದ್ದಿ ಬಂತು. ಚಿಗವ್ವ ಆ ಉಂಡಿಯ ಡಬ್ಬಿಯನ್ನು ಶೆಡ್ಡಿನ ಬಾಗಿಲಲ್ಲಿಟ್ಟು ಹೋದಳು. ಬೈದಿದ್ದರೆ ಕಾಕಾಗೆ ಸುಲಭವಾಗುತ್ತಿತ್ತು.

ಮರುವರ್ಷದ ಹೊತ್ತಿಗೆ ಆ ತಾಯಿ ಹಾಸಿಗೆ ಹಿಡಿದಿದ್ದಳು. ಶ್ರಾವಣ ಹತ್ತಿರ ಬಂದಾಗ ಚಿಗವ್ವ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು.

"ಅವ್ವ ಮುಂದಿನ ಪಂಚಮಿ ಕಾಣ್ತಾಳೋ ಇಲ್ಲೋ. ಅಮಾಸಿ ಮಟ ನೋಡ್ತೀನ್ರಿ. ಗಾಡಿ ಎದ್ದರ ಛಲೋ. ಏಳಲಿಲ್ಲಂದ್ರ ನಾ ಬಸ್ ಹತ್ತತೀನಿ. ಓಣಿ ಮಂದಿಗಿ ನೀವೇ ಉತ್ತರ ಹೇಳಕೋತ ಕೂಡ್ರಿ."

ಆ ಹೊತ್ತಿಗೆ ಕ್ಲಚ್ಚು, ಗೇರುಗಳನ್ನು ಸರಳುಗಳಿಂದ ಜೋಡಿಸಿ, ಎರಡೂ ಎಂಜಿನ್ನಿಗೆ ಒಂದೇ ಆಜ್ಞೆ ಮುಟ್ಟುವಂತೆ, ಹಿಂದಕ್ಕೆ ಮುಖ ಮಾಡಿದ್ದೂ ಮುಂದಕ್ಕೇ ನೂಕುವಂತೆ ಮಾಡಿಯಾಗಿತ್ತು. ಉಳಿದದ್ದು ಎಕ್ಸಲರೇಟರ್. ಇಲ್ಲಿ ಕಾಕಾನೊಳಗಿನ ಫಿಟರ್ ಹಿಂದೆ ಸರಿದು, ಸಗರದ ಒಕ್ಕಲಿಗ ಮುಂದೆ ಬಂದ. ಜಾಲಿ ಕಟ್ಟಿಗೆಯ ಒಂದು ಪುಟ್ಟ ನೊಗ ಕೆತ್ತಿದರು. ಅದರ ಒಂದೊಂದು ತುದಿಗೆ ಒಂದೊಂದು ಎಂಜಿನ್ನಿನ ತಂತಿ, ನಟ್ಟನಡುವೆ ಪೆಡಲಿನ ತಂತಿ. ಪೆಡಲ್ ಒತ್ತಿದರೆ ನೊಗ ಎಳೆಯುತ್ತದೆ, ಎರಡೂ ಎಂಜಿನ್ ಹೆಗಲು ಕೂಡಿಸಿ ಹೊರಡುತ್ತವೆ. ನೊಗಕ್ಕೆ ಅರಿಷಿಣ ಕುಂಕುಮ ಹಚ್ಚಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಓಣಿಯೆಲ್ಲ ಕಟ್ಟೆ ಹತ್ತಿ ನಿಂತಿತು.

ಎತ್ತಿಗೂ ಎಂಜಿನ್ನಿಗೂ ಇರುವ ವ್ಯತ್ಯಾಸವನ್ನು ಲೋಕ ಅಂದು ಕಂಡಿತು. ಮುಂದಿನ ಎಂಜಿನ್ನಿನ ಸ್ಪ್ರಿಂಗು ಬಿಗಿ, ಹಿಂದಿನದು ಸಡಿಲ. ನಡುವೆ ಹಿಡಿದು ಎಳೆದರೆ ನೊಗ ಹಗುರಾದ ಕಡೆಗೇ ವಾಲುತ್ತದೆ. ಹಿಂದಿನ ಎಂಜಿನ್ ಪೂರ್ತಿ ಕೆರಳಿತು, ಮುಂದಿನದು ಮೆಲುಕು ಹಾಕುತ್ತ ನಿಂತಿತು. ಗಾಡಿ ಹಿಂದಿನಿಂದ ನೂಕಿಸಿಕೊಂಡು, ಓರೆಯಾಗಿ ಸಾಗಿ ನಮ್ಮ ನೀರಿನ ಟಾಕಿಗೆ ಹಾಯಿತು. ಟಾಕಿ ಒಡೆಯಿತು. ನಿಂಬೆಹಣ್ಣು ಮಾತ್ರ ಚಕ್ರಕ್ಕೆ ಸಿಗದೆ ಇಟ್ಟಲ್ಲೇ ಇತ್ತು.

"ಸೋಮಾರಿ ಎತ್ತಿಗಿ ಬಾರಕೋಲ್ ತೋರಿಸಿದ್ರ ಸಾಕಿತ್ತು" ಎಂದು ಕಾಕಾ ಗೊಣಗಿದರು. "ಇದಕ್ಕೇನು ತೋರಸ್ಲಿ?"

ಅಮಾವಾಸ್ಯೆ ಎದುರಿಗೇ ಇತ್ತು. ಬಿಗಿಯಾದದ್ದನ್ನು ಸಡಿಲಿಸಿದರು, ಸಡಿಲಾದದ್ದನ್ನು ಬಿಗಿ ಮಾಡಿದರು. ಆಗ ಹಿಂದಿನದು ಮಲಗಿತು, ಮುಂದಿನದು ಹುಚ್ಚೆದ್ದಿತು. ಕೊನೆಗೆ ಚಿಗವ್ವನೇ ಒಳಗೆ ಬಂದಳು.

"ಆ ನೊಗ ಒಲಿಗಿ ಹಾಕ್ರಿ. ಒಂದು ನೀವು ತುಳೀರಿ, ಇನ್ನೊಂದು ಪೆಡಲ್ ನನ್ನ ಕಾಲಾಗ ಕೊಡ್ರಿ."

"ನೀ ಯಾವಾಗ ಗಾಡಿ ಹೊಡದಿ?"

"ಹೊಲಿಗಿ ಮಷಿನ್ ತುಳದೀನಿ. ಇದೇನು ಹಾರಿ ಹೋಗ್ತದೇನು?"

ಕಾಕಾ ನೊಗ ಬಿಚ್ಚಿ ಗೂಟಕ್ಕೆ ತೂಗುಹಾಕಿದರು. ಆಮೇಲೆ ಎಡಗಡೆಯ ಸೀಟಿನ ಕೆಳಗೆ ಒಂದು ಪೆಡಲ್ ಕೂಡಿಸಿದರು. ಮುಂದಿನ ಎಂಜಿನ್ ಚಿಗವ್ವನದು, ಹಿಂದಿನದು ಕಾಕಾನದು. ಸ್ಟಿಯರಿಂಗು, ಬ್ರೇಕು, ಅಭಿಮಾನ ಕಾಕಾನ ಬಳಿಯೇ ಉಳಿದವು.

ಪಂಚಮಿಯ ಹಿಂದಿನ ದಿನ ಹೊರಟರು. ಕೆಟ್ಟು ನಿಂತರೆ ಎಳೆಯಲೆಂದು ಕಾಕಾ ಕೊಟ್ಟ ಎತ್ತಿನ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ನಾನು ಮೋಟರ್ ಸೈಕಲ್ಲಿನಲ್ಲಿ ಹಿಂದೆ ಹೋದೆ. ಮೋಟರ್ ಸೈಕಲ್ ಕಾರನ್ನು ಎಳೆಯಬಲ್ಲದೇ ಎಂದು ನಮ್ಮಿಬ್ಬರಲ್ಲಿ ಯಾರೂ ಯೋಚಿಸಿರಲಿಲ್ಲ. ಅಗತ್ಯವೂ ಬೀಳಲಿಲ್ಲ. ತವರಿಗೆ ಹೊರಟ ಹೆಣ್ಣಿನ ಕಾಲು ಪೆಡಲಿನ ಮೇಲಿತ್ತು. ಮುಂದಿನ ಎಂಜಿನ್ ಹಿಂದಿನದನ್ನೂ ಕಾಕಾನನ್ನೂ ಎಳೆದುಕೊಂಡು ಓಡಿತು. "ಏ, ಸಾವಕಾಶ!" ಎಂಬ ಕೂಗು ನನಗೂ ಕೇಳಿಸುತ್ತಿತ್ತು. ಭೀಮರಾಯನಗುಡಿಯಲ್ಲಿ ಹಳೆಯ ಗೆಳೆಯರು ಚಹಾ ಗ್ಲಾಸು ಹಿಡಿದು ರಸ್ತೆಗೆ ಬಂದು ನಿಂತಿದ್ದರು. ಅವರ ಕಡೆ ಕೈ ಬೀಸುವಷ್ಟು ಪುರುಸೊತ್ತೂ ಕಾಕಾಗೆ ಸಿಗಲಿಲ್ಲ.

ಸುರಪುರದಲ್ಲಿ ತಾಯಿಯನ್ನು ಹೊರಸು ಮಂಚದ ಸಮೇತ ಬಾಗಿಲಿಗೆ ತಂದರು. ಮುದುಕಿ ಬಾನೆಟ್ಟಿನ ಮೇಲೆ ಕೈಯಿಟ್ಟು, "ಮೈ ಸುಡಾಕತ್ತದಲ್ಲೇ ಯವ್ವಾ... ಇದಕ್ಕೂ ಒಂದು ಉಂಡಿ ಕೊಡ್ರಿ" ಎಂದಳು. ಕೊಟ್ಟರು. ಬಾನೆಟ್ಟಿನ ಮೇಲೆ ಇಟ್ಟ ಉಂಡಿಯನ್ನು ಕಾಕಾ ತಿಂದರು.

ಮರಳುವ ಮಾತು ಬಂದಾಗ ಕಾಕಾ ಗಾಡಿಯ ಒಂದು ಸೂಕ್ಷ್ಮ ಹೇಳಿದರು: ಚಿಗವ್ವನಿಲ್ಲದೆ ಅದು ಹಿಂದಕ್ಕೂ ಹೋಗುವುದಿಲ್ಲವಂತೆ. ಗಂಡನ ಕಾಟವಿಲ್ಲದೆ ಜೋಕಾಲಿ ಆಡಲೆಂದೇ ಇರುವ ಹಬ್ಬದಲ್ಲಿ ಕಾಕಾ ಅತ್ತೆ ಮನೆಯ ಪಡಸಾಲೆಯಲ್ಲಿ ಉಂಡಿ ತಿನ್ನುತ್ತ ಉಳಿದರು. ನಾನು ಊರಿಗೆ ಬಂದು, ಹಬ್ಬ ಮುಗಿದ ಮೇಲೆ ಮತ್ತೆ ಹಗ್ಗ ಹೊತ್ತು ಹೋದೆ.

ವಾಪಸ್ ಬರುವಾಗ ಒಂದೇ ಎಂಜಿನ್ ದುಡಿಯುತ್ತಿತ್ತು. ಹಿಂದಿನದು ಏದುತ್ತಿತ್ತು, ಮುಂದಿನದು ಸುಮ್ಮನೆ ಗುರುಗುಡುತ್ತಿತ್ತು. ಊರು ದಾಟಿದ ಮೇಲೆ ಒಮ್ಮೆ ನಿಲ್ಲಿಸಿದರು. ಕಾಕಾ ಇಳಿದು ಬಾನೆಟ್ ತೆರೆದರು. ನಾನೂ ಇಣುಕಿದೆ, ಕೆಟ್ಟದ್ದು ಏನೂ ಕಾಣಲಿಲ್ಲ. ಚಿಗವ್ವ ಸುರಪುರದ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದಳು. ಕಾಲು ಪೆಡಲಿನಿಂದ ದೂರವಿತ್ತು. ಕಾಕಾ ಅದನ್ನು ನೋಡಿದರು, ಬಾನೆಟ್ ಮುಚ್ಚಿದರು.

"ಏನಾಗೇದ್ರಿ?" ಎಂದೆ.

"ಕಾರ್ಬೊರೇಟರದಾಗ ಕಸ" ಎಂದರು. ಮನೆಯತನಕ ಹಿಂದಿನ ಎಂಜಿನ್ನೇ ನೂಕಿತು.

ಆ ತಾಯಿ ಮುಂದಿನ ಪಂಚಮಿ ಕಾಣಲಿಲ್ಲ. ಆದರೂ ಗಾಡಿ ಅತ್ತಿತ್ತ ಓಡಾಡಿಕೊಂಡಿತ್ತು. ದೋರನಹಳ್ಳಿಯ ಮದುವೆಗೆ ಅದರಲ್ಲೇ ಹೋಗಿ ಬಂದರು. ಆಮೇಲೆ ಒಂದು ಚಳಿಗಾಲ ಚಿಗವ್ವ ಜ್ವರ ಬಂದು ತೀರಿಕೊಂಡಳು... ಹಿಂದಿನ ಎಂಜಿನ್ ಒಂದರಿಂದಲೇ ಓಡಿಸಬಹುದಲ್ಲ ಎಂದು ನಾನು ಒಮ್ಮೆ ಹೇಳಿ ನೋಡಿದೆ. ಬ್ಯಾಟರಿ ಡೌನ್ ಆಗೇದ ಎಂದರು. ಬ್ಯಾಟರಿ ಸರಿಯಿತ್ತು. ಆಗಾಗ ಸಂಜೆ ಶೆಡ್ಡಿನೊಳಗೆ ಮುಂದಿನ ಎಂಜಿನ್ನನ್ನು ಸ್ವಲ್ಪ ಹೊತ್ತು ಚಾಲು ಇಡುತ್ತಿದ್ದರು. ಗೋಡೆಯಾಚೆ ನಮಗೆ ಕೇಳುತ್ತಿತ್ತು. ಕಳೆದ ವರ್ಷದಿಂದ ಅದೂ ಕೇಳುತ್ತಿಲ್ಲ. ಹಗ್ಗವನ್ನು ತಿರುಗಿ ಕೊಡಬೇಕೆಂದಿದ್ದೆ, ಈಗ ಕೊಡಲು ಆ ಮನೆಯಲ್ಲಿ ಯಾರೂ ಇಲ್ಲ.

ಕಾರು ಇಡಿಯಾಗಿ ಒಂದು ಟೆಂಪೋದಲ್ಲಿ ಹಿಡಿಯಲಿಲ್ಲವಾದ್ದರಿಂದ, ಯಾದಗಿರಿಯಿಂದ ಬಂದ ಗುಜರಿಯವರು ಅದನ್ನು ಬೆಸುಗೆ ಇದ್ದ ಕಡೆಯೇ ಕೊಯ್ದು, ಎರಡು ಟೆಂಪೋಗಳಲ್ಲಿ ಒಯ್ದರು.