ದ್ರಾಕ್ಷಾರಸದ ಕಲೆ

ನಮ್ಮ ಬೀದಿಯ ಟೈಲರಮ್ಮನ ಬಾಯಿ ಜೋರು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆ ಒಗೆಯುವ ಕೆಲಸ ಮದುವೆಯಾದಾಗಿನಿಂದ ಆಕೆಯ ಪಾಲಿಗೇ ಬಂದಿತ್ತು. ದ್ರಾಕ್ಷಾರಸದ ಬಟ್ಟಲು ಹಿಡಿದು ಎಲ್ಲರಿಗೂ ಕೊಡುತ್ತಿದ್ದವರು ಆಕೆಯ ಗಂಡ, ಸಭೆಯ ಹಿರಿಯರು. ವಯಸ್ಸಾದ ಮೇಲೆ ಅವರ ಕೈ ನಡುಗಿ ಪ್ರತಿ ಸಲವೂ ಬಟ್ಟೆಯ ಮೇಲೆ ಚೆಲ್ಲುತ್ತಿತ್ತು.

“ಉಜ್ಜೀ ಉಜ್ಜೀ ನನ್ನ ಕೈ ಸವೆದುಹೋಯ್ತು. ಬೇರೆ ಯಾರೂ ಒಂದು ಕಡ್ಡಿ ಎತ್ತಿಡಲ್ಲ. ಇಬ್ಬರೂ ಬಿಟ್ಬಿಡೋಣ ಕಣ್ರೀ,” ಎಂದು ರೇಗುತ್ತಿದ್ದಳು.

“ಕೈ ನಡುಗುತ್ತೆ ಅಂತ ಬಟ್ಟಲು ಬಿಡೋಕಾಗುತ್ತೇನೇ? ಕರ್ತ ನನ್ನ ಕೈ ಬಿಟ್ಟಿಲ್ವಲ್ಲ,” ಎನ್ನುತ್ತಿದ್ದರು ಅವರು.

ಅವರು ತೀರಿಕೊಂಡರು. ಟೈಲರಮ್ಮ ಸೋತುಹೋದಳು. ಇನ್ನು ತನ್ನಿಂದಾಗದು ಎಂದು ಹೇಳಿಬಿಡಲು ಮುಂದಿನ ಭೋಜನದ ಆರಾಧನೆ ಮುಗಿಯುವವರೆಗೂ ಕಾದಳು. ಮುಗಿದ ಮೇಲೆ ಆಕೆ ಬಾಯಿ ತೆರೆಯುವಷ್ಟರಲ್ಲಿ ಪಾದ್ರಿಯ ಹೆಂಡತಿಯೇ ಬಟ್ಟೆ ಬಿಡಿಸಿ ತೋರಿಸಿದಳು. “ನೋಡಿ ಅಕ್ಕ, ಹೊಸ ಹಿರಿಯರದು ಗಟ್ಟಿ ಕೈ. ಈ ಸಲ ಒಗೆಯೋದೇ ಬೇಡ.”

ಎಲ್ಲೂ ಒಂದು ಚುಕ್ಕೆ ಇರಲಿಲ್ಲ.

“ಒಗೀದೆ ಮೇಜಿಗೆ ಹಾಕ್ತಾರಾ? ಕೊಡಿ ಇಲ್ಲಿ,” ಎಂದು ಕಿತ್ತುಕೊಂಡಳು.

ಮನೆಯಲ್ಲಿ ಬಟ್ಟೆ ನೆನೆಹಾಕಿ, ಗಂಡ ನಿಲ್ಲುತ್ತಿದ್ದ ಕಡೆಯ ಅಂಚಿಗೆ ಸೋಪು ಹಚ್ಚಿ ಉಜ್ಜತೊಡಗಿದಳು.

“ಒಂದು ಹನಿಯಾದ್ರೂ ಬಿಟ್ಟುಹೋಗಬಾರದಿತ್ತೇನ್ರೀ?”